ನಾನು ತಿಕ್ಕಿದ ಮಾಸ್ತಿಕಲ್ಲು

ಶ್ರೀರಂಗಪಟ್ಟಣದ ಮದುವೆ ಛತ್ರಗಳಲ್ಲಿ ಕೊಪ್ಪರಿಗೆ ತಿಕ್ಕುವುದು ನನ್ನ ಕೆಲಸವಾಗಿತ್ತು. ಮೊಣಕಾಲು ಸೋತ ಮೇಲೆ ಬಿಟ್ಟೆ. ಗಂಜಾಂನ ಒಂದು ಕೋಣೆಯಲ್ಲಿ ಕೂತು ಕೂತು ಸಾಕಾಯಿತು. ತಂಗಿಯ ಮಗಳು ತಾನು ಬಳಸಿ ಬಿಟ್ಟ ಫೋನು ಕೊಟ್ಟಳು. ಮಾತಾಡಲಿ ಎಂದು ಕೊಟ್ಟಿದ್ದು. ಮಾತಾಡುವುದಕ್ಕೆ ಯಾರೂ ಇರಲಿಲ್ಲ, ಹಾಗಾಗಿ ಫೋಟೊ ತೆಗೆಯತೊಡಗಿದೆ.

ಮೊದಲು ಹೊಳೆದಂಡೆಯ ಕೊಕ್ಕರೆ, ಮುರಿದ ಮಂಟಪ. ಆಮೇಲೆ ಹೆಂಗಸರಿಗೆ ಬಸ್ಸು ಪುಕ್ಕಟೆ ಆಯಿತು. ಆಧಾರ್ ಕಾರ್ಡು ಸೊಂಟಕ್ಕೆ ಸಿಕ್ಕಿಸಿ ಹೊರಟೆ. ಪಾಂಡವಪುರದ ಕುಂತಿಬೆಟ್ಟವನ್ನು ಎಳೆ ಬಿಸಿಲಲ್ಲಿ ತೆಗೆದೆ. ಕೆ.ಆರ್. ಪೇಟೆಗೆ ಹೋಗಿ ಹೊಸಹೊಳಲು ಗುಡಿಯ ಗೋಡೆಯ ಆನೆಸಾಲು ತೆಗೆದೆ. ಒಂದರ ಮುಖ ಇನ್ನೊಂದಕ್ಕಿಲ್ಲ. ತೆಗೆದಿದ್ದನ್ನೆಲ್ಲ ತಂಗಿಯ ಮಗಳಿಗೆ ಕಳಿಸುತ್ತಿದ್ದೆ. ಅವಳು ಪ್ರತಿಸಲ ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸುತ್ತಿದ್ದಳು, ಅಷ್ಟೆ. ಅಷ್ಟು ಓದಿದವಳು ಹೆಬ್ಬೆಟ್ಟು ಒತ್ತುತ್ತಾಳೆ, ಮೂರನೇ ಕ್ಲಾಸಿಗೇ ಬಿಟ್ಟ ನಾನು ಸಹಿ ಹಾಕುತ್ತೇನೆ. ಒಂದು ದಿನ ಮಾತು ಬರಬಹುದು ಎಂದು ಕಾಯುವುದನ್ನು ಮಾತ್ರ ನಾನು ಬಿಡಲಿಲ್ಲ.

ಹೋದ ವರ್ಷ ರಾಗಿ ಕೊಯ್ಲಿನ ಕಾಲದಲ್ಲಿ ನಾಗಮಂಗಲದಲ್ಲಿ ಬಸ್ಸು ಬದಲಿಸಿ ದೇವಲಾಪುರದ ಕಡೆ ಹೋದೆ. ಊರು ಬರುವ ಮೊದಲೇ, ಹೊಲದ ಬದುವಿನಲ್ಲಿ, ಹೊಂಗೆ ಮರದ ಕೆಳಗೆ ಒಂದು ಕಪ್ಪು ಕಲ್ಲು ಕಂಡಿತು. ನಿಲ್ಲಿಸು ಎಂದೆ.

“ಇಲ್ಲಿ ಸ್ಟಾಪಿಲ್ಲ ಕಣಜ್ಜಿ. ಏನೈತೆ ಇಲ್ಲಿ?” ಅಂದ ಕಂಡಕ್ಟರ್.

“ಕಲ್ಲೈತೆ.”

“ನಿಮ್ಮೂರಲ್ಲಿ ಕಲ್ಲಿಲ್ವಾ? ಪುಕ್ಕಟೆ ಬಸ್ಸು ಅಂತ ಕಲ್ ನೋಡಕ್ ಬಂದವ್ಳೆ ನೋಡು.”

“ಬಾಯ್ ಮುಚ್ಕಂಡು ನಿಲ್ಸಪ್ಪ.”

ನಿಂತ ರೀತಿ, ಬಳಿದ ಅರಿಶಿನ ನೋಡಿಯೇ ಗೊತ್ತಾಯಿತು, ಅದು ಮಾಸ್ತಿಕಲ್ಲು. ಹಿಂದಿನ ಕಾಲದಲ್ಲಿ ಗಂಡನ ಚಿತೆ ಏರಿದ ಹೆಂಗಸಿಗೆ ನೆಡುತ್ತಿದ್ದ ಕಲ್ಲು. ಅದರಲ್ಲಿ ಮೇಲೆತ್ತಿದ ಕೈ, ಕೈತುಂಬ ಬಳೆ ಕೆತ್ತಿರುತ್ತಾರೆ. ಇದರಲ್ಲಿ ಏನೂ ಕಾಣಲಿಲ್ಲ. ಬೆಣ್ಣೆ, ಅರಿಶಿನ, ದೀಪದ ಮಸಿ ಬೆರೆತು ಬೆರಳು ದಪ್ಪ ಕಟ್ಟಿತ್ತು. ಫೋಟೊ ತೆಗೆದರೆ ಕರಿಬೆಲ್ಲದ ಅಚ್ಚಿನ ಹಾಗೆ ಬಂತು.

ಜಿಡ್ಡು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹೆಂಚಿನ ಚೂರಿನಿಂದ ಕೆರೆದೆ. ತೆಂಗಿನ ನಾರಿಗೆ ಮಣ್ಣು ಹಚ್ಚಿ ತಿಕ್ಕಿದೆ, ಬಾಟಲಿಯ ನೀರು ಸುರಿದೆ. ತಳ ಹಿಡಿದ ಕೊಪ್ಪರಿಗೆಗಿಂತ ಕಷ್ಟವೇನಿರಲಿಲ್ಲ. ಮೊದಲು ಬಳೆಗಳು ಬಂದವು, ಆಮೇಲೆ ಬೆರಳುಗಳು, ಬೆರಳಿನ ನಡುವೆ ಒಂದು ನಿಂಬೆಹಣ್ಣು. ಕೆಳಗೆ ಪುಟ್ಟ ಮುಖ. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಒಂದೇ ಸಲ ಒತ್ತಿದೆ. ಅಷ್ಟು ಒಳ್ಳೆಯ ಫೋಟೊ ಅಲ್ಲಿಯವರೆಗೆ ನಾನು ತೆಗೆದಿರಲಿಲ್ಲ. ಇದಕ್ಕೆ ತಂಗಿಯ ಮಗಳು ಹೆಬ್ಬೆಟ್ಟು ಬಿಟ್ಟು ಒಂದು ಮಾತು ಹೇಳಿಯೇ ಹೇಳುತ್ತಾಳೆ ಅಂದುಕೊಂಡೆ. ಕಳಿಸಲು ಹೋದರೆ ಸಿಗ್ನಲ್ ಇರಲಿಲ್ಲ.

ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತು ಒಬ್ಬ ಹೆಂಗಸು ಬಂದಳು. ಹೆಚ್ಚುಕಡಿಮೆ ನನ್ನ ವಯಸ್ಸೇ. ಕಲ್ಲು ನೋಡಿದವಳೇ ಹೊರೆ ಕೆಳಗೆ ಹಾಕಿದಳು.

“ಏನ್ ಮಾಡ್ಬುಟ್ಟೆ ನೀನು?”

“ಕೊಳೆ ಕಟ್ಟಿತ್ತು, ತೊಳ್ದೆ ಕಣವ್ವ. ನೋಡು, ಎಂಗ್ ಕಾಣ್ತಾಳೆ.”

“ಕೊಳೆನಾ? ನಿಮ್ಮನೇಲಿ ಇದ್ಕೆ ಕೊಳೆ ಅಂತಾರಾ?”

ಅವಳು ಕಲ್ಲಿನ ಬುಡದಲ್ಲಿ ಕುಕ್ಕರಿಸಿ, ನಾನು ಕೆರೆದು ಹಾಕಿದ ಕಪ್ಪು ಚೂರುಗಳನ್ನು ಸೆರಗಿಗೆ ಆಯ್ದುಕೊಳ್ಳತೊಡಗಿದಳು. ಆಯುತ್ತಲೇ ಹೇಳಿದಳು. ಅವರ ಮನೆಯಲ್ಲಿ ಮಾಸ್ತಮ್ಮನನ್ನು ಮುಟ್ಟುವುದು ಹಿರಿಸೊಸೆ ಒಬ್ಬಳೇ. ಹೊಸ ರಾಗಿ ಮನೆಗೆ ಬಂದ ಮೇಲೆ, ವರ್ಷಕ್ಕೊಂದು ಸಲ, ಬೆಣ್ಣೆ ಬಳಿಯುತ್ತಾಳೆ. ಹಳೆಯದನ್ನು ತೆಗೆಯುವ ಹಾಗಿಲ್ಲ, ಅದರ ಮೇಲೆಯೇ ಬಳಿಯಬೇಕು.

“ಮೇಲ್ಗಡೆದು ನಂದು. ಇದು ನಮ್ಮತ್ತೆ ಕೈಲಿ ಬಳ್ದಿದ್ದು. ಇದ್ರೊಳ್ಗಡೆದು ಅವ್ರತ್ತೆದು. ನಮ್ಮತ್ತೆದು ಒಂದು ಫೋಟನೂ ಇಲ್ಲ ಮನೇಲಿ. ಇದೊಂದಿತ್ತು.”

ಫೋನು ಅವಳ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದಳು.

“ಮೂಗು ಸವ್ದೋಗೈತೆ,” ಅಂದಳು. ಆಮೇಲೆ, “ಇವಳ ಮಕ ನಾನೂ ನೋಡಿರ್ಲಿಲ್ಲ, ನಮ್ಮತ್ತೇನೂ ನೋಡಿರ್ಲಿಲ್ಲ. ನೋಡ್ಬಾರ್ದು ಅಂತಾನೇ ಬಳೀತಿದ್ದಿದ್ದು. ಅಳ್ಸಾಕು ಅದ್ನ.”

“ಯಾರ್ಗೂ ತೋರ್ಸಕಿಲ್ಲ ಬುಡವ್ವ. ನಂಗ್ ತೋರ್ಸಕ್ಕೆ ಯಾರವ್ರೆ?”

“ಯಾರೂ ಇಲ್ದಿದ್ ಮ್ಯಾಲೆ ನಿಂಗ್ಯಾಕದು?”

ಅವಳೆದುರಿಗೇ ಅಳಿಸಿದೆ.

“ಇನ್ನು ಯಾರ್ ಕಣ್ಗೂ ಬೀಳ್ಬಾರ್ದು.”

“ಬೀಳಕಿಲ್ಲ,” ಎಂದು ಮಾತು ಕೊಟ್ಟೆ.

ಹೊರೆ ಎತ್ತಲು ಕೈ ಕೊಟ್ಟೆ, ಬೇಡ ಅನ್ನಲಿಲ್ಲ. “ಬಸ್ಸಿಗೆ ಕೈ ಅಡ್ಡ ಹಾಕು, ಇಲ್ದಿದ್ರೆ ನಿಲ್ಸಕಿಲ್ಲ,” ಎಂದು ಹೋದಳು.

ಅಳಿಸಿದ ಫೋಟೊ ಫೋನಿನ ಕಸದಬುಟ್ಟಿಯಲ್ಲಿ ಮೂವತ್ತು ದಿನ ಇರುತ್ತದೆ. ಅದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು, ಹೇಳಲಿಲ್ಲ. ಒಂದು ಸಲ ಒತ್ತಿದರೆ ವಾಪಸು ಬರುತ್ತದೆ. ಎಷ್ಟು ದಿನ ಉಳಿದಿದೆ ಎಂದು ಫೋಟೊದ ಕೆಳಗೇ ಬರೆದಿರುತ್ತದೆ. ದಿನಾ ಮುದ್ದೆ ಉಂಡು ಕೈ ತೊಳೆದು ಆ ಮುಖ ನೋಡುತ್ತಿದ್ದೆ. ವಾಪಸು ತಂದು ತಂಗಿಯ ಮಗಳಿಗೆ ಕಳಿಸಿಬಿಡೋಣ ಎಂದು ಎರಡು ಸಲ ಬೆರಳು ಅಲ್ಲಿಗೆ ಹೋಯಿತು. ಕೊಟ್ಟ ಮಾತು ನೆನೆದು ಹಿಂದಕ್ಕೆ ತೆಗೆದೆ. ಒಂದೇ ದಿನ ಉಳಿದಿದೆ ಎಂದು ತೋರಿಸಿದ ದಿನ ಊಟ ಆಗುವ ಮೊದಲೂ ನೋಡಿದೆ, ಆದಮೇಲೂ ನೋಡಿದೆ. ಮಾರನೆಯ ಬೆಳಿಗ್ಗೆ ಬುಟ್ಟಿ ಖಾಲಿಯಾಗಿತ್ತು.

ಆ ಹೊತ್ತಿಗೆ ಅವರ ರಾಗಿ ಮನೆಗೆ ಬಂದಿರಬೇಕು. ಅವಳು ಬರಿಗಲ್ಲಿಗೆ ಬೆಣ್ಣೆ ಬಳಿದಿರಬೇಕು.