ಉಗ್ರಾಣದಣ್ಣನ ಕುಕ್ಕರು

ಬೆಳಿಗ್ಗೆ ಆಫೀಸಿಗೆ ಬಂದರೆ ಕುರ್ಚಿ ಎಳೆಯುವ ಮೊದಲು ಲೆಕ್ಕದಕ್ಕ ಕೈ ತೊಳೆಯಲೇಬೇಕು. ದಾರಿಯಲ್ಲಿ ಏನನ್ನೂ ಮುಟ್ಟದಿದ್ದರೂ ಸರಿ, ಕಾರಿಡಾರಿನ ಕೊನೆಯ ನಲ್ಲಿಗೆ ಹೋಗಿ, ಬೆರಳ ಸಂದಿಗಳನ್ನೂ ಬಿಡದೆ ಉಜ್ಜಿ, ಕರವಸ್ತ್ರದಲ್ಲಿ ಒರೆಸಿಕೊಂಡು, ಒಂದು ಗಳಿಗೆ ಕಣ್ಣು ಮುಚ್ಚಿ ದೇವರನ್ನು ನೆನೆದು, ಆಮೇಲೆ ಕಂಪ್ಯೂಟರಿನ ಗುಂಡಿ ಒತ್ತುವುದು. ಇನ್ನೊಬ್ಬರ ದುಡ್ಡಿನ ಲೆಕ್ಕ ಮುಟ್ಟುವ ಕೈ ಚೊಕ್ಕವಾಗಿರಬೇಕೆಂದು ಅವಳ ಅಪ್ಪ ಹೇಳುತ್ತಿದ್ದರಂತೆ. ಅವರು ಬಟ್ಟೆಯಂಗಡಿಯೊಂದರ ಗಲ್ಲೆಯಲ್ಲಿ ಕೂತು ತಲೆ ಹಣ್ಣು ಮಾಡಿಕೊಂಡವರು. ನಲ್ಲಿಯಲ್ಲಿ ನೀರು ಬಾರದ ದಿನ ಅವಳು ಕುಡಿಯುವ ಬಾಟಲಿಯನ್ನೇ ಬಗ್ಗಿಸುವುದನ್ನು ಎಲ್ಲರೂ ನೋಡಿದ್ದರು.

"ಲೆಕ್ಕದಕ್ಕಾ, ಪೇಷೆಂಟನ್ನ ಒಳಗೆ ಕಳಿಸ್ಲಾ?" ಎಂದು ಪಕ್ಕದ ಟೇಬಲಿನ ಟೈಪಿಸ್ಟು ಕಿಚಾಯಿಸುತ್ತಿದ್ದಳು.

ಲೆಕ್ಕದಕ್ಕನದು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಲೆಕ್ಕ ತಾಳೆ ನೋಡುವ ಕೆಲಸ. ಯಾರು ಏನು ಕೊಂಡರೂ ಅದು ವಿಭಾಗದ ಖಾತೆಯಲ್ಲಿ ಒಂದು ಸಾಲಾಗಿ ಬಂದು ಕೂರುತ್ತದೆ. ಎಲ್ಲವನ್ನೂ ನೋಡುತ್ತ ಹೋದರೆ ಆಯುಸ್ಸು ಸಾಲದೆಂದು, ಕಣ್ಣು ಮುಚ್ಚಿ ಚೀಲಕ್ಕೆ ಕೈ ಹಾಕಿದ ಹಾಗೆ ಕಂಪ್ಯೂಟರು ತಿಂಗಳಿಗೊಮ್ಮೆ ಕೆಲವು ಸಾಲುಗಳನ್ನು ಎತ್ತಿಕೊಡುತ್ತದೆ. ಪ್ರತಿ ಸಾಲಿನ ಬಿಲ್ಲನ್ನು ತೆರೆದು ಓದಬೇಕು. ಕೊಂಡದ್ದು ವಿಭಾಗದ ಕೆಲಸಕ್ಕೆ ಎಂದು ಮನವರಿಕೆಯಾದರೆ 'ನೋಡಿದ್ದೇನೆ' ಎಂಬ ಚೌಕದಲ್ಲಿ ಗುರುತು ಹಾಕಬೇಕು. ಆಗದಿದ್ದರೆ ಕೊಂಡವರನ್ನು ಕೇಳಬೇಕು. ಅವಳ 'ನೋಡಿದ್ದೇನೆ'ಯನ್ನು ನಂಬಿ ಮೇಲಿನ ಹಣಕಾಸು ಕಚೇರಿ ನಿಶ್ಚಿಂತೆಯಿಂದ ಇತ್ತು.

ಆ ತಿಂಗಳು ಎದ್ದು ಬಂದ ಸಾಲುಗಳಲ್ಲಿ ಒಂದು ಕುಕ್ಕರಿತ್ತು. ಮನೆಯಲ್ಲಿ ಅನ್ನಕ್ಕಿಡುವ ಪ್ರೆಶರ್ ಕುಕ್ಕರು, ದೊಡ್ಡ ಸೈಜಿನದು. ಕೊಂಡವನು ಉಗ್ರಾಣದಣ್ಣ. ಲ್ಯಾಬಿನ ಗಾಜಿನ ಸಾಮಾನು, ಸೋಪು, ಹತ್ತಿ ಎಲ್ಲ ಅವನ ಸುಪರ್ದಿನಲ್ಲಿ. ಚಿಲ್ಲರೆ ಖರ್ಚಿಗೆಂದು ವಿಭಾಗದ ಕಾರ್ಡೊಂದು ಅವನ ಕೈಯಲ್ಲಿತ್ತು.

ಮಧ್ಯಾಹ್ನದ ಟೀ ಹೊತ್ತಿಗೆ ಅವನು ಯಾವುದೋ ಸಹಿಗಾಗಿ ಆಫೀಸಿಗೆ ಬಂದ. ಟೈಪಿಸ್ಟು, ಗುಮಾಸ್ತರು, ಜೆರಾಕ್ಸಿಗೆ ಬಂದ ಹುಡುಗಿಯರು, ಎಲ್ಲ ಇದ್ದರು. ಲೆಕ್ಕದಕ್ಕ ಕನ್ನಡಕ ಏರಿಸಿಕೊಂಡು, "ಏನಣ್ಣಾ, ಡಿಪಾರ್ಟ್‌ಮೆಂಟ್ ದುಡ್ಡು ಎಷ್ಟು ವಿಸಿಲ್‌ಗೆ ಬೇಯುತ್ತೆ?" ಎಂದಳು.

ಕೋಣೆಯೆಲ್ಲ ಗೊಳ್ಳೆಂದಿತು. ಉಗ್ರಾಣದಣ್ಣ ಒಂದು ಕ್ಷಣ ಅರ್ಥವಾಗದೆ ತಾನೂ ನಕ್ಕ. ಆಮೇಲೆ ಮುಖ ಇಳಿಯಿತು.

"ಅದು ಲ್ಯಾಬಿಗಕ್ಕ."

"ಲ್ಯಾಬಲ್ಲಿ ಸಾರು ಮಾಡ್ತೀರಾ?" ಎಂದಳು ಟೈಪಿಸ್ಟು.

"ಇಲ್ಲಮ್ಮ, ಬೂಷ್ಟು ಬೆಳೆಸೋಕೆ..." ಎನ್ನುವಷ್ಟರಲ್ಲಿ ಮತ್ತೆ ನಗು. ಬೂಷ್ಟು ಹಿಡಿದ ಸಾರಿನ ಮೇಲೆ ಇನ್ನೊಂದು ಜೋಕು ಹುಟ್ಟಿತು. ಅವನು ಸಹಿಯನ್ನೂ ಕೇಳದೆ ಕಾಗದ ಮಡಚಿಕೊಂಡು ಹೊರಟುಹೋದ. ತನ್ನ ಮಾತಿಗೆ ಇಷ್ಟು ನಗು ಬಂದದ್ದು ಲೆಕ್ಕದಕ್ಕನಿಗೂ ಒಳಗೊಳಗೆ ಹಿತವಾಗಿತ್ತು. 'ಸ್ವಂತಕ್ಕೆ ಕೊಂಡಿರುವ ಸಂಶಯ' ಎಂದು ಬರೆದು ಮೇಲಕ್ಕೆ ಕಳಿಸಿದಳು. ವಾರದೊಳಗೆ ಅವನ ಕಾರ್ಡನ್ನು ತಡೆಹಿಡಿದರು. ಕಾರಿಡಾರಿನಲ್ಲಿ ಅವನು ಹಾದುಹೋದರೆ ಯಾರಾದರೊಬ್ಬರು ಬಾಯಲ್ಲಿ ಸೀಟಿ ಊದುತ್ತಿದ್ದರು.

ಮುಂದಿನ ತಿಂಗಳ ಸಾಲುಗಳಲ್ಲಿ ಕುಕ್ಕರಿನ ರಬ್ಬರ್ ಬಳೆಯೊಂದು ಬಂತು. ಈ ಸಲ ಕೊಂಡವರು ಗಡ್ಡದ ಮೇಷ್ಟ್ರು. ಅವರು ವಿಭಾಗದ ಹಿರಿಯ ಪ್ರೊಫೆಸರು, ಊರೂರು ಸುತ್ತಿ ಭಾಷಣ ಮಾಡುವವರು. ಲೆಕ್ಕದಕ್ಕ ಅವರನ್ನು ಆಫೀಸಿಗೆ ಕರೆಸಲಿಲ್ಲ. ತಾನೇ ಎದ್ದು ಹೋಗಿ, ಅವರ ಬಾಗಿಲನ್ನು ಮೆಲ್ಲಗೆ ತಟ್ಟಿ, ಪುಸ್ತಕದಿಂದ ಅವರು ತಲೆಯೆತ್ತುವವರೆಗೆ ನಿಂತಿದ್ದು, "ಸರ್, ತೊಂದ್ರೆ ಕೊಡ್ತಿದ್ದೀನಿ, ಒಂದು ಸಣ್ಣ ವಿಷಯ..." ಎಂದಳು.

"ಓ, ಅದಾ! ಬನ್ನಿ ತಾಯಿ, ಕೂತ್ಕೊಳಿ. ನಮ್ಮ ಸ್ಟೆರಿಲೈಸರ್ ಸತ್ತು ಎಷ್ಟೋ ಕಾಲ ಆಯ್ತಲ್ಲ. ಬೂಷ್ಟು ಬೆಳೆಸೋ ಸೀಸೆಗಳನ್ನ ಆವಿಯಲ್ಲಿ ಬೇಯಿಸದೆ ಇದ್ರೆ ಬೇರೆ ಕ್ರಿಮಿ ಸೇರಿ ಎಲ್ಲ ಹಾಳು. ಹೊಸ ಮಿಷನ್ ಬರೋವರೆಗೆ ಕುಕ್ಕರಲ್ಲೇ ನಡೀತಿದೆ. ಅಣ್ಣನ ಕಾರ್ಡು ಏನೋ ಕೆಟ್ಟಿದೆಯಂತೆ, ಅದಕ್ಕೆ ನಂದ್ರಲ್ಲಿ ತಗೊಂಡೆ." ಮೇಷ್ಟ್ರು ಗಡ್ಡ ನೀವಿಕೊಂಡರು. "ರಿಪೇರಿಯವನು ಬಿಲ್ಲಲ್ಲೇ ಬರೆದಿದ್ನಲ್ಲ, ಇದು ರಿಪೇರಿ ಆಗಲ್ಲ, ಸದ್ಯಕ್ಕೆ ಕುಕ್ಕರ್ ಬಳಸಿ ಅಂತ. ನೀವೇ ಪಾಸ್ ಮಾಡಿದ್ರಲ್ಲ, ನೋಡಿರ್ತೀರಿ."

"ಹೌದು ಸರ್. ನೋಡಿದ್ದೆ," ಎಂದಳು ಲೆಕ್ಕದಕ್ಕ.

ಹೊರಗೆ ಬಂದ ಮೇಲೆ ಆ ಮಾತು ಕಿವಿಯಲ್ಲಿ ಕುಟುಕಿತು. ನೋಡಿದ್ದಳೇ? ಟೇಬಲಿಗೆ ಹಿಂತಿರುಗಿ ಹಳೆಯ ತಿಂಗಳೊಂದನ್ನು ತೆರೆದಳು. ಸ್ಟೆರಿಲೈಸರ್ ರಿಪೇರಿಯ ಸಾಲಿನಲ್ಲಿ ಮೇಷ್ಟ್ರ ಹೆಸರು, ಎದುರಿಗೆ ತನ್ನದೇ ಗುರುತು. ಬಿಲ್ಲನ್ನು ಎಷ್ಟು ಸಲ ತೆರೆದಿದ್ದಾರೆಂದು ಕಂಪ್ಯೂಟರು ಪಕ್ಕದಲ್ಲೇ ತೋರಿಸುತ್ತದೆ. ಅಲ್ಲಿ ಸೊನ್ನೆ ಇತ್ತು. ಈಗ ಮೊದಲ ಬಾರಿಗೆ ತೆರೆದಳು. ಮೇಷ್ಟ್ರು ಹೇಳಿದ್ದೆಲ್ಲ ಅದರ ಅಡಿಯಲ್ಲಿ ವಕ್ರ ಅಕ್ಷರದಲ್ಲಿತ್ತು.

ಮೇಷ್ಟ್ರ ಉಳಿದ ಸಾಲುಗಳನ್ನೂ ನೋಡಿದಳು. ಸೊನ್ನೆ, ಸೊನ್ನೆ. ವಿಭಾಗದ ಮುಖ್ಯಸ್ಥೆಯದೂ ಹಾಗೆಯೇ. ದೊಡ್ಡವರ ಬಿಲ್ಲನ್ನು ತೆರೆಯುವುದೆಂದರೆ ಅವರ ಜೇಬಿಗೆ ಕೈ ಹಾಕಿದಂತೆಂದು ಒಳಗೆಲ್ಲೋ ಅನಿಸುತ್ತಿತ್ತು; ಹೆಸರು ನೋಡಿದೊಡನೆ ಗುರುತು ಬೀಳುತ್ತಿತ್ತು. ಉಗ್ರಾಣದಣ್ಣನ ಸೋಪಿನ ಬಿಲ್ಲನ್ನು ಮಾತ್ರ ಮೂರು ಮೂರು ಸಲ ತೆರೆದಿದ್ದಳು. ಇದುವರೆಗೆ ಅದನ್ನೇ ಶಿಸ್ತು ಎಂದುಕೊಂಡಿದ್ದಳು.

ಸಂಜೆ ಪ್ರಾರ್ಥನೆಗೆ ಕೂತರೆ ದಿನವೂ ಹೇಳುವ ಸಾಲುಗಳು ನಡುವೆ ಕಡಿದುಹೋದವು. ಕ್ಷಮೆ ಕೇಳೋಣವೆಂದರೆ ಬಾಯಿಗೆ ಬಂದದ್ದು ಅದೇ ಮಾತು: ಹೌದು ಸರ್, ನೋಡಿದ್ದೆ. ಎದ್ದುಬಿಟ್ಟಳು. ಗಂಡ ದರ್ಜಿ, ಮೆಷಿನ್ನಿನ ಮುಂದೆ ಕೂತು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದ. ಅವನಿಗೆ ಎಲ್ಲವನ್ನೂ ಹೇಳಿದಳು.

"ಸರಿ, ಅಣ್ಣನದು ತಪ್ಪಿಲ್ಲ ಅಂತ ಒಂದು ಸಾಲು ಬರೆದು ಕಳಿಸು."

"ಯಾಕೆ ಸಂಶಯ ಬಂತು ಅಂತ ಕೇಳ್ತಾರೆ. ಆ ರಿಪೇರಿ ಬಿಲ್ಲು ಓದಿರಲಿಲ್ಲ ಅಂದ್ರೆ, ಇನ್ನೆಷ್ಟು ಓದಿಲ್ಲ ಅಂತ ಎಲ್ಲ ಕೆದಕ್ತಾರೆ. ಕೆಲಸಾನೇ ಹೋಗಬಹುದು."

ಗಂಡ ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡು ಮಾಡಿದ. "ಅಷ್ಟು ಸಲ ಕೈ ತೊಳೀತಿದ್ದಿ ಮಾರಾಯ್ತಿ, ಒಂದ್ಸಲ ಕಣ್ಣೂ ತೊಳ್ಕೋಬಾರ್ದಿತ್ತಾ?" ಎಂದು ನಗಿಸಲು ನೋಡಿದ. ಅವಳಿಗೆ ಅಳು ಬಂತು. ಅವನು ಕೋಟನ್ನು ಪಕ್ಕಕ್ಕಿಟ್ಟು ಅವಳ ಬಳಿ ಬಂದು ಕೂತ.

ಮರುದಿನ ಲ್ಯಾಬಿಗೆ ಹೋದಳು. ಇಷ್ಟು ವರ್ಷ ಅಲ್ಲಿನ ಬಿಲ್ಲು ನೋಡಿದವಳು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಮೂಲೆಯ ಒಲೆಯ ಮೇಲೆ ಕುಕ್ಕರು ಬುಸುಗುಡುತ್ತಿತ್ತು. ಉಗ್ರಾಣದಣ್ಣ ಸ್ಟೂಲಿನ ಮೇಲೆ ಕೂತು ಸೀಸೆಗಳ ಬಾಯಿಗೆ ಹತ್ತಿ ತುರುಕುತ್ತಿದ್ದ. ಅವಳನ್ನು ಕಂಡವನೇ ದಡಬಡನೆ ಎದ್ದು ನಿಂತ. ತಪ್ಪು ಮಾಡಿದವನಂತೆ ಅವನು ಎದ್ದ ಆ ರೀತಿಗೆ ಅವಳು ನೆಲ ನೋಡಿದಳು.

"ಕೂತ್ಕೊಳಣ್ಣ. ನಾನು ನಿಂತ್ಕೊಂಡು ಹೇಳಬೇಕಾದ್ದಿದೆ."

ಹೇಳಿದಳು. ಓದದ ಬಿಲ್ಲು, ಹಾಕಿದ ಗುರುತು, ಮೇಷ್ಟ್ರಿಗೆ ಹೇಳಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ಅವನು ಹತ್ತಿಯನ್ನು ಬೆರಳಲ್ಲಿ ಹೊಸೆಯುತ್ತ ಕೇಳಿದ.

"ಕಾರ್ಡು ಕೆಟ್ಟಿದೆ ಅಂತ ಮೇಷ್ಟ್ರಿಗೆ ಯಾಕಣ್ಣ ಹೇಳಿದೆ? ನಿಜ ಹೇಳಿದ್ರೆ ಅವರೇ ಆವತ್ತೇ ಬಗೆಹರಿಸ್ತಿದ್ರು."

"ಕಳ್ಳ ಅಂತ ತಡೆದಿದ್ದಾರೆ ಅಂತ ಹೆಂಗಕ್ಕ ಹೇಳಲಿ? ಮನೇಲೂ ಹೇಳಿಲ್ಲ. ನನ್ ಹೆಂಡ್ತಿ ಕುಕ್ಕರ್ ಇಟ್ಟಾಗೆಲ್ಲ ನಾನು ಎದ್ದು ಬೀದಿಗೆ ಹೋಗ್ತೀನಿ. ಏನಾಗಿದೆ ನಿಮಗೆ ಅಂತಾಳೆ."

ಆ ಹೊತ್ತಿಗೇ ಒಲೆಯ ಮೇಲಿನದು ಕೂಗಿತು. ಅವನು ಹೋಗಿ ಉರಿ ತಗ್ಗಿಸಿ ಬಂದ. ಬಂದವನು ದನಿ ಇಳಿಸಿ ಹೇಳಿದ:

"ಒಂದು ಕೆಲಸ ಮಾಡಣ ಅಕ್ಕ. ಕುಕ್ಕರ್ ಯಾಕೆ ಬೇಕು ಅಂತ ಬರೆದು ಕೊಡೋದು ನನಗೇ ಮರ್ತೋಗಿತ್ತು, ಈಗ ಕೊಡ್ತಿದ್ದೀನಿ ಅಂತ ನಾನೇ ಚೀಟಿ ಬರ್ಕೊಡ್ತೀನಿ. ನನ್ ಕಾರ್ಡೂ ಬರುತ್ತೆ, ನಿಮ್ಮ ಟಿಕ್ಕಿನ ಸುದ್ದಿಗೆ ಯಾರೂ ಬರಲ್ಲ. ನನಗೆ ಮರೆವು ಅಂದ್ರೆ ಎಲ್ರೂ ನಂಬ್ತಾರೆ. ನಿಮ್ಗೂ ಮನೆ ಇದೆಯಲ್ಲ."

ಅವನ ಮುಖದಲ್ಲಿ ವ್ಯಂಗ್ಯವಿದೆಯೇ ಎಂದು ಹುಡುಕಿದಳು. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಒಪ್ಪಿಕೊಂಡರೆ ಇವತ್ತಿಗೆ ಎಲ್ಲವೂ ಮುಗಿಯುತ್ತದೆ ಎಂಬ ಆಸೆ ಒಂದು ಕ್ಷಣ ಅವಳಿಗೆ ಬಂತು. ಅದು ಬಂದದ್ದಕ್ಕೇ ಮತ್ತೆ ನಾಚಿಕೆಯಾಯಿತು. ಅವನು ಆಗಲೇ ಪೆನ್ನಿಗಾಗಿ ಅಂಗಿಯ ಜೇಬು ತಡಕುತ್ತಿದ್ದ.

"ಬೇಡಣ್ಣ," ಎಂದಳು. "ನೀನು ಏನೂ ಮರ್ತಿಲ್ಲ. ಆವತ್ತು ಎಲ್ಲರ ಮುಂದೆ ಹೇಳಿದ್ದೆ, ಈಗಲೂ ಎಲ್ಲರ ಮುಂದೇನೇ ಹೇಳ್ತೀನಿ, ಮೇಲಿನ ಕಚೇರಿಗೂ ನಿಜಾನೇ ಬರೀತೀನಿ. ಟೀ ಹೊತ್ತಿಗೆ ಆಫೀಸಿಗೆ ಬಾ. ಪೆನ್ನು ಒಳಗಿಡು."