ನಾನು ಚಿವುಟಿದ ಹೂವಿನ ರಾಜಗಿರಿ

ನನ್ನ ಮೊದಲ ಮೊಮ್ಮಗಳು ಹುಟ್ಟಿದ್ದು ಇಳಕಲ್ಲಿನ ನಮ್ಮ ಮನೆಯಲ್ಲೇ, ಎಂಬತ್ತನೇ ಇಸವಿಯ ಆಚೀಚೆ. ಬಾಣಂತನಕ್ಕೆ ಬರುವಾಗ ಮಗಳು ಗಂಡನ ಊರು ಬಾದಾಮಿಯಿಂದ ಚೂರು ಕಾಗದದಲ್ಲಿ ಬೀಜ ಕಟ್ಟಿಕೊಂಡು ಬಂದಿದ್ದಳು. ಗಸಗಸೆಯಷ್ಟು ಸಣ್ಣ ಕರಿ ಬೀಜ. ಪಲ್ಯಕ್ಕೆ ಹಾಕುವ ರಾಜಗಿರಿ ಸೊಪ್ಪಿನದೇ ಜಾತಿ, ಆದರೆ ಇದು ಬರೀ ನೋಡಲಿಕ್ಕಂತೆ. ಹೂವು ಕೆಂಪು ಕುಚ್ಚಿನ ಹಾಗೆ ಇಳಿಬೀಳುತ್ತದಂತೆ. ಐದನೆಯ ತಿಂಗಳಿಗೆ ಅವಳು ಗಂಡನ ಮನೆಗೆ ಹೋಗಬೇಕು. ಅಷ್ಟರೊಳಗೆ ತವರಿನ ಹಿತ್ತಲಲ್ಲಿ ಇದು ಹೂಬಿಡಬೇಕು, ಕೂಸು ನೋಡಬೇಕು, ಅದೊಂದೇ ಅವಳ ಆಸೆ.

ತೊಟ್ಟಿಲಿಗೆ ಹಾಕಿದ ಮರುದಿನವೇ ಬಚ್ಚಲ ಹಿಂದೆ ಒಂದು ಸಾಲು ಬಿತ್ತಿದೆ. ಕೂಸಿಗೆ ಎರೆದ ನೀರೆಲ್ಲ ಅದಕ್ಕೇ. ಕೂಸೂ ಬೆಳೆಯಿತು, ಗಿಡವೂ ಬೆಳೆಯಿತು, ಎರಡನ್ನೂ ನೋಡಿ ನಾನು ಹಿಗ್ಗಿದ್ದೇ ಹಿಗ್ಗಿದ್ದು.

ಗಿಡ ಮೊಳಕಾಲಿಗೆ ಬಂದಿತ್ತು. ಅವತ್ತು ಮನೆಯಲ್ಲಿ ಕಾಯಿಪಲ್ಯ ಇರಲಿಲ್ಲ. ಹುಟ್ಟಿದಾಗಿನಿಂದ ರಾಜಗಿರಿ ಕಂಡರೆ ಕುಡಿ ಚಿವುಟಿದ ಕೈ ನನ್ನದು. ಒಳಗೆ ಕೂಸು ಅಳುತ್ತಿತ್ತು, ಲಕ್ಷ್ಯ ಅತ್ತ ಇತ್ತು. ಸಾಲಿಗೆ ಸಾಲೇ ಚಿವುಟಿ ಉಡಿ ತುಂಬಿಕೊಂಡು ಬಂದು ಬೇಳೆ ಹಾಕಿ ಪಲ್ಯ ಮಾಡಿದೆ. ಮಗಳು ಎರಡು ರೊಟ್ಟಿ ಉಂಡು ಮೂರನೆಯದಕ್ಕೆ ಕೈ ಚಾಚಿದಳು.

“ಭಾಳ ರುಚಿ ಆಗೇತಿ ಬೇ. ಎಲ್ಲೀ ತಪ್ಪಲ ಪಲ್ಯಾ ಇದು?”

“ಬಚ್ಚಲ ಹಿಂದಿನ...” ಎಂದು ಬಾಯಿ ತೆರೆದಾಗಲೇ ನನಗೆ ಅರಿವಾದದ್ದು, ನಾನು ಚಿವುಟಿದ್ದು ಹೂವಿನ ಸಾಲನ್ನೇ ಎಂದು. ರೊಟ್ಟಿ ಬಡಿಯುತ್ತಿದ್ದ ಕೈ ಹಿಟ್ಟಿನಲ್ಲೇ ನಿಂತಿತು. ನಮ್ಮ ಯಜಮಾನರು ಮಗ್ಗದಲ್ಲಿ ಕುಳಿತಲ್ಲಿಂದಲೇ, “ಇನ್ನ ಕೂಸಿಗೆ ಪಲ್ಯಾನ ತೋರಸು” ಎಂದರು. ಮಗಳು ನಗಲಿಲ್ಲ. ರೊಟ್ಟಿಯನ್ನು ತಿರುಗಿ ಬುಟ್ಟಿಯಲ್ಲಿಟ್ಟಳು.

ಹೂ ಬರುವುದೇ ಕುಡಿಯಲ್ಲಿ. ದಿನಾ ನಸುಕಿಗೆ ಹೋಗಿ ಗಿಡಗಳ ಮುಂದೆ ಕೂರುತ್ತಿದ್ದೆ, ತಪ್ಪಾಯಿತವ್ವಾ ಎಂದು ಅವಕ್ಕೇ ಹೇಳುತ್ತಿದ್ದೆ. ಕೆಲವು ದಿನಕ್ಕೆ ಒಂದೊಂದು ಗಿಡದ ಮಗ್ಗುಲಲ್ಲೂ ನಾಲ್ಕಾರು ಚಿಗುರು ಒಡೆದವು. ಮಗಳು ಹೊರಡಲು ವಾರವಿದ್ದಾಗ ಕೆಂಪು ಇಣುಕಿತು. ಎದೆಮಟ್ಟ ಬೆಳೆಯಬೇಕಾದ ಗಿಡ ಸೊಂಟಕ್ಕೂ ಬಂದಿರಲಿಲ್ಲ, ಕುಚ್ಚು ಬರೀ ಗೇಣುದ್ದ. ಮಗಳು ನೋಡಿ, ಸಣ್ಣವಿವೆ ಎಂದಳು, ಅಷ್ಟೇ.

ಹೊರಡುವ ದಿನ ನಾನು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಾಲಿನ ಪಕ್ಕ ನೆಲಕ್ಕೇ ಕೂತೆ. ಗಿಡ ಗಿಡ್ಡವಾದದ್ದಕ್ಕೆ ಒಂದು ಕುಚ್ಚು ನೆಟ್ಟಗೆ ಅವಳ ಮುಖದ ಮುಂದೆಯೇ ತೂಗುತ್ತಿತ್ತು. ಕೂಸು ರೆಪ್ಪೆ ಬಡಿಯದೆ ನೋಡಿತು. ಎರಡೂ ಕೈಯಿಂದ ಗಪ್ಪನೆ ಹಿಡಿದು ಎಳೆದು ಬಾಯಿಗಿಟ್ಟುಕೊಂಡು ಕೇಕೆ ಹಾಕಿತು.

“ಆಯಿ ಮೊಮ್ಮಗಳು ಖರೆ,” ಎಂದಳು ಮಗಳು, ಸೆರಗು ಬಾಯಿಗೆ ಹಿಡಿದು ನಗುತ್ತ. “ಇದೂ ತಿನ್ನಾಕ ನಿಂತತಿ ನೋಡು.”

ಕೂಸಿನ ತುಟಿಯ ಮೇಲಿನ ಕೆಂಪು ಚೂರು ಒರೆಸುತ್ತ ನಾನು ಅತ್ತೆನೋ ನಕ್ಕೆನೋ, ಯಾರಿಗೆ ಗೊತ್ತು.