ಕಾಗದದಷ್ಟು ಸಂದು

ಬೀದಿಯ ಕೊನೆಯ ಶೆಡ್ಡಿನಲ್ಲಿ ಹಳೆಯ ಬೈಕುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ಕನಿಗೆ ಜನ ಇಟ್ಟ ಹೆಸರು 'ನಡುಕದ ಡಾಕ್ಟರು'. ಟ್ಯಾಂಕಿನ ಮೇಲೆ ಅಂಗೈ ಇಟ್ಟು, ಬೈಕು ಎಲ್ಲಿ ನಡುಗುತ್ತಿದೆ ಎಂದು ಹೇಳಿಬಿಡುತ್ತಿದ್ದ. ಹೆಸರು ಕೇಳಿ ಮೀಸೆಯಡಿ ನಗುತ್ತಿದ್ದನೇ ಹೊರತು ಬೇಡ ಎಂದು ಒಮ್ಮೆಯೂ ಅಂದವನಲ್ಲ.

ಅವನದೇ ಒಂದು ಬೈಕಿತ್ತು. ಬ್ರಿಟನ್ನಿನಲ್ಲಿ ತಯಾರಾದದ್ದು, ಅವನ ಸಂಸಾರಕ್ಕಿಂತ ವಯಸ್ಸಿನಲ್ಲಿ ಹಿರಿಯದು. ಅದರ ಎಂಜಿನ್ನನ್ನು ನೇರವಾಗಿ ಬೈಕಿನ ಚೌಕಟ್ಟಿಗೆ ಬಿಗಿದಿಲ್ಲ. ದಪ್ಪ ರಬ್ಬರ್ ಬಿಲ್ಲೆಗಳ ಆಸರೆಯಲ್ಲಿ ತೂಗುಬಿಟ್ಟಿದ್ದಾರೆ. ಎಂಜಿನ್ನು ಎಷ್ಟೇ ಕುಣಿಯಲಿ, ಆ ಕುಣಿತವನ್ನೆಲ್ಲ ರಬ್ಬರೇ ಹೊಟ್ಟೆಗೆ ಹಾಕಿಕೊಳ್ಳಬೇಕು. ಅದಕ್ಕೆ ರಬ್ಬರಿನ ಪಕ್ಕದಲ್ಲಿ ದಪ್ಪ ಕಾಗದದಷ್ಟು ಸಂದು ಇರಲೇಬೇಕು. ಹೆಚ್ಚಾದರೆ ಬೈಕು ತಿರುವಿನಲ್ಲಿ ಸೊಂಟ ಬಳುಕಿಸುತ್ತದೆ. ಕಡಿಮೆಯಾದರೆ ನಡುಕವೆಲ್ಲ ಕೂತವರ ಮೂಳೆಗೆ. ತೆಳು ವಾಷರ್ ಹಾಕಿದರೆ ಸಂದು ಕಿರಿದಾಗುತ್ತದೆ, ತೆಗೆದರೆ ಹಿಗ್ಗುತ್ತದೆ. ಅಳತೆಗೆ ಅಷ್ಟೇ ದಪ್ಪದ ಉಕ್ಕಿನ ಪಟ್ಟಿಯೊಂದನ್ನು ತೂರಿಸಿ ನೋಡಬೇಕು. ಅದು ಸಲೀಸಾಗಿಯೂ ಹೋಗಬಾರದು, ಸಿಕ್ಕಿಕೊಳ್ಳಲೂ ಬಾರದು. ತುಸು ಹಿಡಿದು ಬಿಟ್ಟಂತಾಗಬೇಕು. ಅದನ್ನು ಹೇಳುವುದು ಕಣ್ಣಲ್ಲ, ಬೆರಳ ತುದಿ.

ಆ ಬೆರಳ ತುದಿಗಳೇ ಈಗ ಕೈಕೊಟ್ಟಿದ್ದವು. ನಡುಗುವ ಹ್ಯಾಂಡಲುಗಳನ್ನು ವರ್ಷಗಟ್ಟಲೆ ಹಿಡಿದದ್ದಕ್ಕೋ, ವಯಸ್ಸಿಗೋ, ಜೋಮು ಬಂತು. ಬಂದದ್ದು ಮನೆಅಳಿಯನಂತೆ ಅಲ್ಲೇ ಉಳಿಯಿತು. ಅವನಿಗೆ ನಿಜವಾಗಿ ಭಯವಾಯಿತು. ಕೈ ಹೋದ ಮೆಕ್ಯಾನಿಕ್ಕನ ಹತ್ತಿರ ಯಾರು ಬರುತ್ತಾರೆ? ಹೆಂಡತಿಗೂ ಬಾಯಿ ಬಿಡಲಿಲ್ಲ.

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಮದುವೆಯಾದ ಲಾಗಾಯ್ತು, ಭಾನುವಾರ ಬೆಳಿಗ್ಗೆ ಆ ಬೈಕಿನ ಹಿಂದೆ ಕೂತು ಕೆರೆಯ ತನಕ ಹೋಗಿಬರುವುದು ಅವಳ ಹಕ್ಕು. ಈ ಸಲ ಅವನು ಹೊಸ ರಬ್ಬರ್ ಕೂರಿಸಿ, ವಾಷರ್ ಹೊಂದಿಸಿ, ಪಟ್ಟಿ ತೂರಿಸಿದ. ಹೋಯಿತು. ತಾನು ಒತ್ತಿದ ಜೋರಿಗೆ ರಬ್ಬರೇ ಬಗ್ಗಿ ದಾರಿ ಬಿಟ್ಟಿತೆಂಬುದು ಆ ಬೆರಳಿಗೆ ತಿಳಿಯಲಿಲ್ಲ.

"ಹೇಗಿದೆ? ಬೆಣ್ಣೆ ಥರ ಓಡ್ತಿಲ್ವಾ?" ಎಂದು ದಾರಿಯುದ್ದಕ್ಕೂ ಕೇಳಿದ.

"ಹ್ಞೂಂ," ಅಂದಳು ಅವಳು, ಹಲ್ಲು ಕಚ್ಚಿಕೊಂಡು. ಕಚ್ಚದಿದ್ದರೆ ಹಲ್ಲಿಗೆ ಹಲ್ಲು ಬಡಿಯುತ್ತಿತ್ತು.

ಮುಂದಿನ ಭಾನುವಾರ ಅವಳಿಗೆ ಹೊಲಿಗೆ ಕೆಲಸ ಇತ್ತು. ಅದರ ಮುಂದಿನ ವಾರ ಸೊಂಟ ನೋವು. ಇವನ ತಲೆಯಲ್ಲಿ ಹುಳ ಹೊಕ್ಕಿತು. ಬೇಡವಾದದ್ದು ಬೈಕೋ, ಅದನ್ನು ಓಡಿಸುವವನೋ? ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ, ಮುಖ ಊದಿಸಿಕೊಂಡು ಓಡಾಡಿದ. ಗಂಡಸರ ಈ ಬುದ್ಧಿಗೆ ಮದ್ದಿಲ್ಲ.

"ಬೈಕ್ ಮಾರಿಬಿಡ್ತೀನಿ," ಅಂದ ಒಂದು ಬೆಳಿಗ್ಗೆ. "ಹಿಂದೆ ಕೂರೋರೇ ಇಲ್ಲ ಅಂದ್ಮೇಲೆ ಯಾಕೆ ಬೇಕು ಅದು?"

ಅವಳು ಕತ್ತರಿ ಕೆಳಗಿಟ್ಟು, ಅವನ ಹಿಂದೆಯೇ ಶೆಡ್ಡಿಗೆ ಬಂದಳು. ಸ್ಟೂಲು ಎಳೆದುಕೊಂಡು ಬೈಕಿನ ಪಕ್ಕ ಕೂತಳು.

"ಎಲ್ಲಿ ಆ ಪಟ್ಟಿ? ಕೊಡಿ ಇಲ್ಲಿ."

"ನಿನಗೇನು ಗೊತ್ತಾಗುತ್ತೆ ಅದು?"

"ದಿನಾ ಬಟ್ಟೆ ಮುಟ್ಟೋ ಬೆರಳು ಕಣ್ರೀ ಇದು. ಹೇಗಿರ್ಬೇಕು ಅಂತ ಹೇಳಿ, ಸಾಕು."

ಅವನು ಹೇಳಿದ. ಅವಳು ತೂರಿಸಲು ನೋಡಿದಳು. ಪಟ್ಟಿ ಒಳಗೆ ಹೋಗಲೇ ಇಲ್ಲ.

"ರೀ, ಇಲ್ಲಿ ಜಾಗಾನೇ ಇಲ್ಲ."

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಅವನು ಬೋಲ್ಟ್ ಸಡಿಲಿಸಿ ಒಂದು ವಾಷರ್ ತೆಗೆದ. ಅದು ಬೆರಳ ಸಂದಿಯಿಂದ ಜಾರಿ ಬಿತ್ತು, ಅವಳೇ ಹೆಕ್ಕಿಕೊಟ್ಟಳು. ಮತ್ತೆ ಬಿಗಿದ. ಅವಳು ಪಟ್ಟಿ ಹಾಕಿ, ಇನ್ನೂ ಬಿಗಿಯೆಂದು ತಲೆ ಅಲ್ಲಾಡಿಸಿದಳು. ಇನ್ನೊಂದು ವಾಷರಿನ ಬದಲು ತೆಳುವಾದದ್ದನ್ನು ಹಾಕಿದ.

"ಹಾಂ! ಈಗ ಸ್ವಲ್ಪ ಹಿಡ್ಕೊಂಡು ಬಿಡ್ತು ನೋಡಿ."

"ಅಂಗಡಿ ಮುಚ್ಚಬೇಕಾಗುತ್ತೆ ಕಣೇ," ಅಂದ ಅವನು, ನೆಲ ನೋಡುತ್ತ.

"ಯಾಕೆ? ಕಿವಿ ಇದೆ, ತಲೆ ಇದೆ. ಬೆರಳು ಬೇಕಾದಾಗ ನನ್ನ ಕೂಗಿ, ಬರ್ತೀನಿ."

ಅವನು ತಲೆಯೆತ್ತಿದ. "ಯಾವಾಗಿಂದ ಗೊತ್ತಿತ್ತು ನಿನಗೆ, ನನ್ನ ಕೈ ಹೀಗಾಗಿದ್ದು?"

"ರಸ್ತೆ ದಾಟೋವಾಗ ನನ್ನ ಕೈ ಹಿಡ್ಕೊಳ್ತೀರಲ್ಲ, ಈಚೆಗೆ ಗುರುತು ಬೀಳೋ ಹಾಗೆ ಹಿಡೀತಿದ್ರಿ. ಹಿಡಿದಿದ್ದೇ ಇವ್ರಿಗೆ ಗೊತ್ತಾಗ್ತಿಲ್ಲ ಅಂತ ಆಗಲೇ ಅನ್ನಿಸ್ತು."

"ನೋಯ್ತಿರಲಿಲ್ವಾ? ಹೇಳಬಾರದಿತ್ತಾ?"

"ನೋಯ್ತಿತ್ತು. ಹೇಳಿದ್ರೆ ಎಲ್ಲಿ ಹಿಡಿಯೋದನ್ನೇ ಬಿಟ್ಬಿಡ್ತೀರೋ ಅಂತ ಸುಮ್ನಿದ್ದೆ."

ಅವನಿಗೆ ಅಳು ತಡೆಯಲಾಗಲಿಲ್ಲ. ಗ್ರೀಸಿನ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡ. ಆಮೇಲೆ ಅದೇ ಕೈ ಚಾಚಿ ಅವಳ ಕೈ ಹಿಡಿದ. ಎಷ್ಟು ಬಿಗಿಯಾಗಿ ಹಿಡಿದಿದ್ದಾನೋ ಅವನಿಗೆ ತಿಳಿಯಲಿಲ್ಲ. ಅವಳ ಮುಖವನ್ನೇ ನೋಡುತ್ತ, ಅವಳು ಸಾಕು ಅನ್ನುವ ತನಕ ಸಡಿಲಿಸುತ್ತ ಹೋದ.